ಬಣ್ಣದ ಕೆಳಗಿನ ನೀರು

ನಾಟಕ ಕಂಪನಿಯ ನಾಯಕಿ ನನ್ನ ಪಾರ್ಲರಿಗೆ ಬಂದದ್ದು ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ. ಸಂಕ್ರಾಂತಿ ಮುಗಿದು ಬಿಸಿಲು ಏರತೊಡಗಿತ್ತು. ಇಳಕಲ್ಲಿನಲ್ಲಿ, ಹುನಗುಂದದ ರಸ್ತೆಗೆ ಹತ್ತಿದ ಬಯಲಿನಲ್ಲಿ ಅವರ ಕಂಪನಿ ತಗಡಿನ ಥೇಟರು ಕಟ್ಟಿ ಕ್ಯಾಂಪ್ ಹಾಕಿತ್ತು. ದಿನಾ ಸಂಜೆ ಒಂದು ಆಟ, ಭಾನುವಾರ ಮಧ್ಯಾಹ್ನ ಇನ್ನೊಂದು. ಊರ ಗೋಡೆಗಳ ಮೇಲೆಲ್ಲ ಆಕೆಯ ಮುಖದ ಪೋಸ್ಟರು ಇದ್ದುದರಿಂದ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಗುರುತು ಸಿಕ್ಕಿತು. ಹುಬ್ಬು ತಿದ್ದಿಸಲು ಬಂದಿರಬೇಕು ಎಂದುಕೊಂಡೆ.

ಅವರು ಕುರ್ಚಿಯಲ್ಲಿ ಕೂತು, ಎದುರಿನ ಕನ್ನಡಿ ಬಿಟ್ಟು ನನ್ನನ್ನೇ ನೋಡಿ ಹೇಳಿದರು: "ತಂಗಿ, ನನ್ನ ಮಖ ಒಡ್ಯಾಕತ್ತೈತಿ. ಏನರೆ ಮಾಡಾಕ ಬರ್ತೈತೇನು ನೋಡು."

"ಯಾವಾಗಿಂದ್ರಿ ಅಕ್ಕಾರ?"

"ಥಂಡಿ ಬಿದ್ದಾಗಿಂದ. ಮೊದ್ಲ ಥಂಡೀಗೆ ಅಂದ್ಕೊಂಡೆ. ಥಂಡಿ ಹೋತು, ಇದು ಹೋಗವಲ್ದು. ಎಣ್ಣಿ ಮಖ ನಂದು, ಮೂಗು ನೋಡು ಹೆಂಗ ಮಿಂಚತೈತಿ. ಆದ್ರ ಗಲ್ಲ ಬಿಗೀತಾವು, ಉರೀತಾವು. ಬಣ್ಣ ಹಚ್ಚಿ ಒಂದು ಸೀನ್ ಮುಗಿಸೂದ್ರಾಗ ಬಾಯಿ ಸುತ್ತಲೂ ಸೀಳ್ ಬಿಡ್ತೈತಿ. ಮುಂದಿನ ಸಾಲಿನವ್ರಿಗೆ ಕಾಣ್ತೈತಂತ, ಮಾಲಕರು ಹೇಳಿದ್ರು."

ಉಳಿದದ್ದನ್ನೂ ಹೇಳಿದರು. ಕಂಪನಿ ಹೊಸ ನಾಟಕ ಕಟ್ಟುತ್ತಿತ್ತು. ಅದರ ಮುಖ್ಯ ಪಾತ್ರ ಇವರಿಗೇ ಎಂದು ಮೊದಲೇ ಮಾತಾಗಿತ್ತು. ಆದರೆ ಮಾಲೀಕರು ಗದಗಿನ ಕಡೆಯಿಂದ ಒಬ್ಬ ಹುಡುಗಿಯನ್ನು ಕರೆಸಿದ್ದರು. "ಯಾಕ ಕರಸ್ಯಾರ ಅಂತ ನಾ ಕೇಳಿಲ್ಲ, ಅವ್ರೂ ಹೇಳಿಲ್ಲ," ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ. ಬಸ್ಸು ಎಷ್ಟೊತ್ತಿಗಿದೆ ಎಂದು ಹೇಳುವವರ ಧಾಟಿ ಇತ್ತು.

ಹುಬ್ಬಳ್ಳಿಯಲ್ಲಿ ನಾನು ಕಲಿತದ್ದು ಚರ್ಮದ ಆರೈಕೆ. ಇಳಕಲ್ಲಿಗೆ ಬಂದು ಪಾರ್ಲರು ತೆರೆದ ಮೇಲೆ ಹೆಚ್ಚಾಗಿ ಮದುಮಗಳ ಮೇಕಪ್ಪು, ಮೆಹಂದಿ, ಕೂದಲಿಗೆ ಬಣ್ಣ, ಇಷ್ಟರಲ್ಲೇ ದಿನಗಳು ಕಳೆಯುತ್ತಿದ್ದವು. ಹಾಗಾಗಿ ಅವರ ಮುಖದ ಮೇಲೆ ಭೂತಗನ್ನಡಿಯ ದೀಪ ಎಳೆದುಕೊಂಡಾಗ ನನಗೆ ಒಳಗೊಳಗೇ ಹುರುಪು ಬಂದಿತ್ತು.

ಮೊದಲು ತೆಳುವಾದ ಕಾಗದ ಒತ್ತಿ ನೋಡಿದೆ. ಹಣೆ, ಮೂಗು, ಗದ್ದಗಳ ಮೇಲೆ ಎಣ್ಣೆಯ ಗುರುತು ದಟ್ಟವಾಗಿ ಬಿತ್ತು. ಗಲ್ಲದ ಮೇಲೂ ಸ್ವಲ್ಪ ಬಿತ್ತು. ಆಮೇಲೆ ಬೆರಳಿನಿಂದ ಗಲ್ಲವನ್ನು ಹಗುರವಾಗಿ ಮೇಲಕ್ಕೆ ಒತ್ತಿದೆ. ಇಸ್ತ್ರಿ ಮಾಡದ ತೆಳು ಬಟ್ಟೆಯಲ್ಲಿ ಏಳುವಂಥ ಸಣ್ಣ ಗೆರೆಗಳು ಎದ್ದವು. ಬಾಯಿಯ ಎರಡೂ ಬದಿಯಲ್ಲಿ ಹೊಟ್ಟು ಎದ್ದಿತ್ತು. ಮೂಗಿನ ಪಕ್ಕ ಕೆಂಪಾಗಿತ್ತು.

"ಅಕ್ಕಾರ, ನಿಮ್ಮ ಚರ್ಮದಾಗ ಎಣ್ಣಿ ಐತ್ರಿ. ಇಲ್ಲದ್ದು ನೀರು," ಎಂದೆ.

"ಎರಡೂ ಬ್ಯಾರೆ ಬ್ಯಾರೇನು?"

"ಬ್ಯಾರೇರಿ. ಎಣ್ಣಿ ಕಡಿಮಿ ಇದ್ರ ಅದು ಒಣ ಚರ್ಮ, ಹುಟ್ಟಿನಿಂದನ ಹಂಗ ಇರ್ತೈತಿ. ನೀರು ಕಡಿಮಿ ಆಗೂದು ಯಾರಿಗರೆ ಆಗಬಹುದು, ಎಣ್ಣಿ ಮಖದವ್ರಿಗೂ. ಮ್ಯಾಲಿನ ಪದರ ನೀರು ಹಿಡಕೊಳ್ಳವಲ್ದು ಅಂದ್ರ ಬಿಗೀತೈತಿ, ಉರೀತೈತಿ. ಬಣ್ಣ ಅದರ ಮ್ಯಾಲ ನಿಲ್ಲೂದಿಲ್ಲ."

ಅವರಿಗೆ ಅರ್ಥವಾಯಿತು. ಇಷ್ಟು ದಿನ ಎಣ್ಣೆಮುಖವೆಂದು ತಿಳಿದು, ಎಣ್ಣೆ ತೆಗೆಯುವುದನ್ನೇ ಮಾಡಿದ್ದರಂತೆ. ಲಿಂಬೆಹಣ್ಣು ತಿಕ್ಕಿದ್ದರು, ಮುಲ್ತಾನಿ ಮಣ್ಣು ಹಚ್ಚಿದ್ದರು, ಹರಳು ಹರಳಾಗಿರುವ ಸ್ಕ್ರಬ್ಬಿನಿಂದ ಉಜ್ಜಿದ್ದರು. ಎಲ್ಲವನ್ನೂ ನಿಲ್ಲಿಸಲು ಹೇಳಿದೆ. ಹಯಲುರೋನಿಕ್ ಆಸಿಡ್ ಇರುವ ಸೀರಮ್ಮಿನ ಸಣ್ಣ ಬಾಟಲಿ ಕೊಟ್ಟೆ. ನೀರನ್ನು ಎಳೆದು ಹಿಡಿದುಕೊಳ್ಳುವ ವಸ್ತು ಅದು. ಈಗ ಪಾರ್ಲರುಗಳಲ್ಲಿ ಎಲ್ಲರೂ ಅದನ್ನೇ ಕೇಳುತ್ತಾರೆ. ಎಣ್ಣೆಮುಖ ಎಂಬ ಕಾರಣಕ್ಕೆ ಅದರ ಮೇಲೆ ಯಾವ ಕ್ರೀಮನ್ನೂ ಕೊಡಲಿಲ್ಲ.

ವಾರ ತುಂಬುವ ಮೊದಲೇ ಅವರು ಮತ್ತೆ ಬಂದರು. ಗಲ್ಲ ಮೊದಲಿಗಿಂತ ಬಿಗಿದಿತ್ತು.

"ಹಚ್ಚಿದ ಕೂಡ್ಲೆ ಛಲೋ ಅನಸ್ತೈತಿ. ಅರ್ಧ ತಾಸು ಆಗೂದ್ರಾಗ ಯಾರೋ ಮಖದ ಮ್ಯಾಲ ಗೋಂದು ಬಳದು ಒಣಗಿಸಿದಂಗ ಆಕ್ಕೈತಿ," ಎಂದರು.

ಆಗ ಕಲಿತ ಪಾಠ ನೆನಪಿಗೆ ಬಂತು. ನೀರು ಎಳೆಯುವ ವಸ್ತು ಎಲ್ಲಿ ನೀರು ಸಿಗುತ್ತದೋ ಅಲ್ಲಿಂದ ಎಳೆಯುತ್ತದೆ. ಕಡಲ ಬದಿಯ ಊರಿನಲ್ಲಾದರೆ ಗಾಳಿಯಲ್ಲೇ ತೇವ ಇರುತ್ತದೆ. ನಮ್ಮ ಕಡೆ ಮಾಘ ಮಾಸದ ಗಾಳಿಯಲ್ಲಿ ಏನಿದೆ? ಒಗೆದ ಸೀರೆ ಹರವಿ ಚಹಾ ಕುಡಿಯುವಷ್ಟರಲ್ಲಿ ಒಣಗಿರುತ್ತದೆ. ಮೇಲೆ ಮುಚ್ಚಳವಿಲ್ಲದೆ ಹಚ್ಚಿದರೆ ಸೀರಮ್ಮು ಚರ್ಮದ ಒಳಗಿನ ನೀರನ್ನೇ ಮೇಲಕ್ಕೆ ಎಳೆದು ಗಾಳಿಗೆ ಕೊಡುತ್ತದೆ. ಪುಸ್ತಕದಲ್ಲಿ ಓದಿದ್ದು ಬೇರೆ ಹವೆಯ ಊರುಗಳ ಚರ್ಮದ ಬಗ್ಗೆ, ನನ್ನ ಮುಂದೆ ಇದ್ದದ್ದು ಇಳಕಲ್ಲಿನಲ್ಲಿ ಕ್ಯಾಂಪ್ ಹಾಕಿದ ಮುಖ.

"ನಾನು ಒಮ್ಮೆ ನಿಮ್ಮ ಥೇಟರಿಗೆ ಬರ್ಲೇನ್ರಿ? ನೀವು ಬಣ್ಣ ಹೆಂಗ ಹಚ್ಕೋತೀರಿ, ಹೆಂಗ ತೆಗೀತೀರಿ ನೋಡಬೇಕಾಗೇತಿ," ಎಂದೆ.

"ಆಯಿತಾರ ಬಾ. ಮಧ್ಯಾಹ್ನದ ಆಟ ಮುಗದ ಮ್ಯಾಲ ತೊಳ್ದು, ಸಂಜೀಗೆ ಮತ್ತ ಹಚ್ಕೋತೇವಿ. ಎರಡೂ ನೋಡಿದಂಗ ಆಕ್ಕೈತಿ."

ಭಾನುವಾರ ಹೋದೆ. ರಂಗದ ಹಿಂದಿನ ಮೇಕಪ್ಪಿನ ಕೋಣೆಗೆ ತಗಡಿನ ಗೋಡೆ, ತಗಡಿನ ಮಾಡು. ಕನ್ನಡಿಯ ಸುತ್ತ ದೊಡ್ಡ ದೊಡ್ಡ ದೀಪಗಳು. ಬೆವರು ಆರಲೆಂದು ಒಂದು ಎತ್ತರದ ಫ್ಯಾನು ನೇರ ಮುಖಕ್ಕೇ ಬೀಸುತ್ತಿತ್ತು. ಆಟ ಮುಗಿಸಿ ಬಂದ ನಾಯಕಿ ಮೊದಲು ಕೊಬ್ಬರಿ ಎಣ್ಣೆ ಸುರಿದುಕೊಂಡು ಬಣ್ಣವನ್ನು ಕಲಸಿದರು. ಹಳೆಯ ಲುಂಗಿಯ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿದರು. ಅಲ್ಲಿಯವರೆಗೆ ತೊಂದರೆಯಿರಲಿಲ್ಲ. ಆಮೇಲೆ ಬಕೆಟ್ಟಿನ ಪಕ್ಕದಿಂದ ಬಟ್ಟೆ ಒಗೆಯುವ ಸಾಬೂನಿನ ತುಂಡೊಂದನ್ನು ಎತ್ತಿಕೊಂಡು, ಬಿಸಿನೀರಿನಲ್ಲಿ ನೊರೆ ಮಾಡಿ, ಮುಖಕ್ಕೆ ತಿಕ್ಕಿದರು.

"ಅಕ್ಕಾರ, ಅದು ಬಟ್ಟಿ ಸಾಬಾನ್ರಿ," ಎಂದೆ.

"ಹೂಂ. ಮೈ ಸಾಬಾನಕ್ಕ ಈ ಬಣ್ಣ ಜಗ್ಗೂದಿಲ್ಲ. ಕಂಪನ್ಯಾಗ ಎಲ್ಲಾರೂ ಇದನ್ನ ಹಚ್ಚೋದು."

ಅವರು ಒರೆಸಿಕೊಂಡು ಫ್ಯಾನಿನ ಮುಂದೆ ಕೂತರು. ನೋಡನೋಡುತ್ತಿದ್ದಂತೆ ಮುಖದ ತೇವ ಆರಿ, ಚರ್ಮ ಮಂಕಾಗಿ, ಕೆಂಪು ಎದ್ದಿತು. ಸಂಜೆಗೆ ಅದೇ ಮುಖದ ಮೇಲೆ ಮತ್ತೆ ತಳಬಣ್ಣವಾಗಿ ಬಿಳಿ ಜಿಂಕು, ಪೌಡರು, ಗಲ್ಲಕ್ಕೆ ಕೆಂಪು. ಚರ್ಮದ ಮೇಲ್ಪದರವನ್ನು ಇಟ್ಟಂಗಿ ಗೋಡೆಗೆ ಹೋಲಿಸಿ ಹುಬ್ಬಳ್ಳಿಯಲ್ಲಿ ನಮಗೆ ಪಾಠ ಮಾಡುತ್ತಿದ್ದರು. ಸತ್ತ ಜೀವಕೋಶಗಳು ಇಟ್ಟಂಗಿ, ನಡುವಿನ ಕೊಬ್ಬು ಗಾರೆ. ಬಟ್ಟೆ ಸಾಬೂನು ಆ ಗಾರೆಯನ್ನು ದಿನಾ ಕೆರೆದು ತೆಗೆಯುತ್ತಿತ್ತು.

ಸಾಬೂನಿನ ಕ್ಷಾರ ಇಲ್ಲದ, ನೊರೆ ಕಡಿಮೆ ಇರುವ ಕ್ಲೆನ್ಸರ್ ತಂದುಕೊಟ್ಟೆ. ಎಣ್ಣೆಯಿಂದ ಬಣ್ಣ ತೆಗೆದ ಮೇಲೆ ಇನ್ನೊಮ್ಮೆ ಶುದ್ಧ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಇದನ್ನು ಬಳಸಲು ತೋರಿಸಿದೆ. ಫ್ಯಾನಿನ ಮುಖ ಗೋಡೆಯ ಕಡೆ ತಿರುಗಿಸಿದೆ. ನೀರು ಆರದಂತೆ ಮುಚ್ಚಳ ಬೇಕು ಎಂಬ ಲೆಕ್ಕದಲ್ಲಿ, ಪೆಟ್ರೋಲಿಯಂ ಜೆಲ್ಲಿ ಹೆಚ್ಚಿರುವ ದಪ್ಪ ಕ್ರೀಮು ಕೊಟ್ಟೆ. ಸೀರಮ್ಮಿನ ಮೇಲೆ ಅದನ್ನು ಹಚ್ಚಿ, ಅದರ ಮೇಲೆ ಬಣ್ಣ ಹಚ್ಚಿಕೊಳ್ಳಿ ಎಂದೆ.

ಮುಂದಿನ ಭಾನುವಾರ ಅಮ್ಮಿಯನ್ನು, ನನ್ನ ತಾಯಿಯನ್ನು, ಕರೆದುಕೊಂಡು ಮಧ್ಯಾಹ್ನದ ಆಟಕ್ಕೆ ಹೋಗಿ ಹೆಂಗಸರ ಕಡೆ ಮುಂದೆಯೇ ಕೂತೆ. ಮೊದಲ ದೃಶ್ಯದಲ್ಲಿ ಬಣ್ಣ ನುಣ್ಣಗೆ ಕೂತಿತ್ತು, ಒಂದು ಸೀಳೂ ಇರಲಿಲ್ಲ. ನನಗೆ ಸಮಾಧಾನವಾಯಿತು. ಅತ್ತೆಯ ಜೊತೆ ಜಗಳದ ದೃಶ್ಯ ಬಂತು. ತಗಡು ಕಾದಿತ್ತು, ದೀಪಗಳು ಉರಿಯುತ್ತಿದ್ದವು. ನಾಯಕಿಯ ದವಡೆಯ ಹತ್ತಿರ ಬಿಳಿ ಬಣ್ಣ ಮೆಲ್ಲಗೆ ಜಾರಿತು. ಕಿವಿಯ ಕೆಳಗಿನಿಂದ ಕುತ್ತಿಗೆಯ ಕಡೆಗೆ ಒಂದು ಗೆರೆ ಇಳಿಯಿತು, ಆಮೇಲೆ ಇನ್ನೊಂದು. ಹಿಂದಿನಿಂದ ಯಾರೋ ಸೀಟಿ ಹೊಡೆದರು.

ನಾಯಕಿ ಸೆರಗಿನಿಂದ ದವಡೆ ಒತ್ತಿಕೊಂಡು, ಅತ್ತೆಯ ಪಾತ್ರದವರ ಕಡೆ ತಿರುಗಿ, ನಾಟಕದಲ್ಲಿ ಇಲ್ಲದ ಮಾತೊಂದನ್ನು ಆಡಿದರು: "ನೋಡ್ರಿ ಅತ್ತಿ, ನಿಮ್ಮ ಮನಿ ಸೆಕೀಗೆ ನನ್ನ ಮಖಾನ ಕರಗಾಕತ್ತೈತಿ. ಇನ್ನ ನಾ ಎಷ್ಟ ದಿನ ಉಳದೇನು?"

ಥೇಟರು ನಕ್ಕಿತು, ಚಪ್ಪಾಳೆ ಬಿತ್ತು. ಅಮ್ಮಿಯೂ ನಕ್ಕಳು. ನಾನು ಮಾತ್ರ ಕುರ್ಚಿಯ ಅಂಚು ಹಿಡಿದುಕೊಂಡು ಕೂತಿದ್ದೆ.

ಆಟ ಮುಗಿದು ಒಳಗೆ ಹೋದಾಗ ಮಾಲೀಕರು ಅಲ್ಲೇ ಇದ್ದರು. ಅದೇ ನಾಟಕದಲ್ಲಿ ಸಾವಕಾರನ ಪಾತ್ರ ಅವರದು. ಅರ್ಧ ಮೀಸೆ ತೆಗೆದು, ಅರ್ಧ ಹಾಗೇ ಇಟ್ಟುಕೊಂಡು ನನ್ನ ಜೊತೆ ಮಾತಾಡಿದರು. "ತಂಗಿ, ನಿನ್ನ ಮನಸ್ಸು ಛಲೋ ಐತಿ, ನನಗ ಗೊತ್ತೈತಿ. ಆದ್ರ ಮಂದಿ ಮುಂದ ಇಂಥಾ ಪರೀಕ್ಷಾ ಬ್ಯಾಡ. ಬಾಯಾರು ಹೆಂಗೋ ಮಾತು ತಿರಿವಿದ್ರು. ದಿನಾ ತಿರಿವಾಕ ಬರೂದಿಲ್ಲ." ಕಂಪನಿಯವರು ನಾಯಕಿಯನ್ನು ಬಾಯಾರು ಎಂದೇ ಕರೆಯುತ್ತಿದ್ದರು.

ಗದಗಿನ ಹುಡುಗಿ ಮೂಲೆಯಲ್ಲಿ ಕೂತು ಸೀರೆಗೆ ಪಿನ್ನು ಹಾಕಿಕೊಳ್ಳುತ್ತಿದ್ದಳು. ಕೇಳಿಸಿಕೊಂಡರೂ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ರಮಜಾನ್ ಹತ್ತಿತು. ಆ ದಿನಗಳಲ್ಲಿ ನಾನು ಬೆಳಿಗ್ಗೆ ಪಾರ್ಲರು ತೆರೆದು, ಮಧ್ಯಾಹ್ನದ ಮೇಲೆ ಬೇಗ ಮುಚ್ಚುತ್ತೇನೆ. ನಾಯಕಿ ಮತ್ತೆ ಬರಲಾರರು ಎಂದುಕೊಂಡಿದ್ದೆ. ಆದರೆ ಬಂದರು. ಕೈಯಲ್ಲಿ ದೊಡ್ಡ ನೀರಿನ ಬಾಟಲಿ ಇತ್ತು. ಯಾರೋ ಹೇಳಿದ್ದರಂತೆ, ನೀರು ಹೆಚ್ಚು ಕುಡಿದರೆ ಮುಖದಲ್ಲಿ ನೀರು ತುಂಬುತ್ತದೆ ಎಂದು. ಕುಡಿಯುವ ಮೊದಲು ನನ್ನ ಕಡೆ ನೋಡಿ, ನನ್ನ ರೋಜಾ ಉಪವಾಸ ನೆನಪಾಗಿ, ಬಾಟಲಿ ಕೆಳಗಿಟ್ಟರು.

"ಕುಡೀರಿ ಅಕ್ಕಾರ, ನನಗೇನೂ ಆಗೂದಿಲ್ಲ," ಎಂದೆ.

ಅವರು ಕುಡಿದರು. ನನ್ನ ಮುಖವನ್ನೇ ನೋಡುತ್ತ ನಕ್ಕರು. "ನೀ ಮುಂಜಾನಿಂದ ಒಂದು ಹನಿ ಮುಟ್ಟಿಲ್ಲ, ನಿನ್ನ ಗಲ್ಲ ಹೂವಿನಂಗ ಅದಾವು. ನಾ ಕೊಡಗಟ್ಟಲೆ ಕುಡ್ಯಾಕತ್ತೇನಿ, ನನ್ನೂ ನೋಡು. ನನ್ನ ಪಾಲಿಂದೂ ನಿನಗ ಹೋಗಾಕತ್ತೈತೇನು?"

ತಮಾಷೆಗೆ ಆಡಿದ ಮಾತು. ಆದರೆ ನನ್ನ ಕೈ ಕೆಲಸ ನಿಲ್ಲಿಸಿತು. ಅಲ್ಲಿಯವರೆಗೆ ನಾನು ಯೋಚಿಸಿದ್ದೆಲ್ಲ ಆ ಮುಖಕ್ಕೆ ನೀರು ಹೇಗೆ ಕೊಡುವುದು ಎಂದು. ನನ್ನ ಮುಖಕ್ಕೆ ಯಾರೂ ನೀರು ಕೊಟ್ಟಿರಲಿಲ್ಲ, ಆದರೂ ಇದ್ದದ್ದು ಉಳಿದಿತ್ತು, ಏಕೆಂದರೆ ಚರ್ಮದ ಗೋಡೆ ನೆಟ್ಟಗಿತ್ತು. ಅವರದು ಬಿದ್ದಿತ್ತು. ಬಿದ್ದ ಗೋಡೆಯ ಮೇಲೆ ನಾನು ಒಮ್ಮೆ ನೀರು ಸುರಿದಿದ್ದೆ, ಒಮ್ಮೆ ಟಾರ್ಪಾಲು ಹೊದಿಸಿದ್ದೆ. ಗಾರೆ ಕಟ್ಟಿಕೊಳ್ಳಲು ಚರ್ಮಕ್ಕೆ ಪುರುಸೊತ್ತು ಸಿಕ್ಕಿರಲೇ ಇಲ್ಲ.

ಆದರೆ ಆ ಕೆಂಪಿನ ಹಿಂದೆ ಬೇರೆ ರೋಗ ಇದ್ದರೆ ಅದು ನನ್ನ ಕೆಲಸವಲ್ಲ. ಅವರನ್ನು ಬಾಗಲಕೋಟೆಗೆ, ನವನಗರದಲ್ಲಿರುವ ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಬೆಳಗಿನ ಬಸ್ಸಿನಲ್ಲಿ ಹುನಗುಂದ, ಅಮೀನಗಡ, ಕಮತಗಿ ದಾಟುವವರೆಗೂ ಅವರು ಹೊಸ ನಾಟಕದ ಮಾತುಗಳನ್ನು ತುಟಿಯಲ್ಲೇ ಅಂದುಕೊಳ್ಳುತ್ತಿದ್ದರು.

ಡಾಕ್ಟರ್ ವಯಸ್ಸಾದ ಹೆಂಗಸು. ಬೆಳಕಿಗೆ ಮುಖ ತಿರುಗಿಸಿ ನೋಡಿ, ಬಣ್ಣದ ಡಬ್ಬಿಗಳನ್ನೂ ತೆರೆಸಿ ನೋಡಿದರು. ಬಣ್ಣದ ಅಲರ್ಜಿಯ ಲಕ್ಷಣ ಕಾಣುವುದಿಲ್ಲ, ಸೋಂಕು ಇಲ್ಲ, ಮೇಲ್ಪದರ ಹಾಳಾಗಿ ಉರಿ ಬಂದಿದೆ ಎಂದರು. ನಾನು ಕೊಟ್ಟದ್ದನ್ನೆಲ್ಲ ಹೇಳಿದೆ. ಅವರು ತಲೆಯಾಡಿಸಿದರು. "ವಸ್ತು ತಪ್ಪಿಲ್ಲ, ಹೊತ್ತು ತಪ್ಪೇತಿ. ಮೊದ್ಲ ಚರ್ಮ ಕೂಡ್ಲಿ. ಅಲ್ಲೀತನಕ ಬಣ್ಣ ಮುಟ್ಟಬ್ಯಾಡ್ರಿ. ವಾರ ಹತ್ತದಿನಾ ಬಿಟ್ಟು ನೋಡೂಣು."

"ಬಣ್ಣ ಹಚ್ಚದ ಹೆಂಗ್ರಿ ಡಾಕ್ಟರ?" ಎಂದರು ನಾಯಕಿ.

"ಹಚ್ಚಿದ್ರ ಇದು ಮಾಯೂದಿಲ್ಲ. ಕಲೆ ಉಳೀತಾವು."

ಮರಳುವ ಬಸ್ಸಿನಲ್ಲಿ ಕಿಟಕಿಯ ಬಿಸಿಗಾಳಿ ತಾಗದಂತೆ ನಾನು ಅವರನ್ನು ಒಳಗಿನ ಸೀಟಿಗೆ ಕೂರಿಸಿದ್ದೆ. ಕಮತಗಿ ಹತ್ತಿರ ಬರುವಾಗ ಅವರೇ ಮಾತು ಶುರುಮಾಡಿದರು.

"ನಾ ಬಿಟ್ರ ಈಗಿನ ನಾಟಕದಾಗ ನನ್ನ ಪಾರ್ಟು ಆ ಹುಡುಗಿ ಮಾಡಬೇಕಾಕ್ಕೈತಿ. ಆಕೀಗೆ ಮಾತು ಗೊತ್ತಿಲ್ಲ, ಹೆಜ್ಜಿ ಗೊತ್ತಿಲ್ಲ. ಹೇಳಿಕೊಡಾಕ ನನ್ನ ಬಿಟ್ರ ಯಾರೂ ಇಲ್ಲ."

"ಹೇಳಿಕೊಟ್ರ ಆಕೀನ ಉಳಕೊಂಡ್ರ?"

"ಉಳೀಬಹುದು," ಎಂದರು. "ಹೇಳಿಕೊಡ್ಲಿಲ್ಲಂದ್ರ ಆಟ ನಿಲ್ತೈತಿ. ಆಟ ನಿಂತ್ರ ಕಂಪನ್ಯಾಗ ಎಲ್ಲಾರ ಒಲಿ ಆರ್ತಾವು."

ಆ ಪಾತ್ರ ಅವರು ಹುಡುಗಿಯಾಗಿದ್ದಾಗಿನಿಂದ ಮಾಡಿಕೊಂಡು ಬಂದದ್ದು. ಅದನ್ನು ಬಿಡಿ ಎಂದು ಹೇಳುವ ಅಧಿಕಾರ ನನಗಿರಲಿಲ್ಲ. ಮುಖ ವಾಸಿಯಾಗುತ್ತದೆ ಎಂದು ಖಾತ್ರಿ ಕೊಡುವಷ್ಟು ಧೈರ್ಯವೂ ಇರಲಿಲ್ಲ. ಎರಡು ಸಲ ಕೈಸೋತವಳು ನಾನು. ಹಾಗೆಂದೇ ಹೇಳಿದೆ.

"ನೀ ಖಾತ್ರಿ ಕೊಟ್ಟಿದ್ರ ನಾ ಹೆದರ್ತಿದ್ದೆ," ಎಂದರು ಅವರು. ಹುನಗುಂದದಲ್ಲಿ ಬಸ್ಸು ನಿಂತಾಗ ಮಾಲೀಕರಿಗೆ ಫೋನ್ ಹಚ್ಚಿದರು. ನಾಳೆಯಿಂದ ಹುಡುಗಿಗೆ ಬಣ್ಣ ಹಚ್ಚಿಸಿ, ತಾನು ಪರದೆಯ ಪಕ್ಕದಲ್ಲಿ ನಿಂತು ಮಾತು ಎತ್ತಿಕೊಡುತ್ತೇನೆ, ಇಷ್ಟೇ ಹೇಳಿದ್ದು. ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಫೋನು ಮುಚ್ಚಿ, "ಒಪ್ಪಿದ್ರು. ಭಾಳ ಲಗೂನ ಒಪ್ಪಿದ್ರು," ಎಂದು ಕಣ್ಣು ಮುಚ್ಚಿಕೊಂಡರು.

ಬಣ್ಣವಿಲ್ಲದ ಆ ದಿನಗಳೇ ನನ್ನ ನಿಜವಾದ ಕೆಲಸದ ದಿನಗಳು. ಬೆಳಿಗ್ಗೆ ಬೇಗ, ಗಿರಾಕಿಗಳು ಬರುವ ಮೊದಲು ಅವರು ಬರುತ್ತಿದ್ದರು. ಡಾಕ್ಟರ್ ಹೇಳಿದಂತೆ ಮೊದಲು ಎಲ್ಲವನ್ನೂ ಕಡಿಮೆ ಮಾಡಿದೆ. ಮುಖಕ್ಕೆ ಬೆಳಿಗ್ಗೆ ಬರೀ ನೀರು, ಸಂಜೆ ಒಮ್ಮೆ ಕ್ಲೆನ್ಸರ್. ಒರೆಸುವಾಗ ತಿಕ್ಕುವುದಿಲ್ಲ, ಮೆತ್ತನೆಯ ಬಟ್ಟೆ ಒತ್ತಿ ಎತ್ತುವುದು, ಅದೂ ಸ್ವಲ್ಪ ಹಸಿ ಉಳಿಯುವಂತೆ. ಆ ಹಸಿಯ ಮೇಲೆಯೇ ಮುಂದಿನದನ್ನು ಹಚ್ಚಬೇಕು.

ಮುಂದಿನದು ಯಾವುದು ಎಂಬುದನ್ನು ಆರಿಸಲು ಅಂಗಡಿಗಳಲ್ಲಿ ಸಿಕ್ಕ ಬಾಟಲಿ, ಟ್ಯೂಬುಗಳನ್ನೆಲ್ಲ ಮೇಜಿನ ಮೇಲೆ ಹರವಿಕೊಂಡು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದೆ. ಮುಂದೆ ದೊಡ್ಡದಾಗಿ ಬರೆದ ಹೆಸರಿನ ವಸ್ತು ಹಿಂದೆ ಪಟ್ಟಿಯ ಕಟ್ಟಕಡೆಗೆ, ಸುವಾಸನೆಯ ನಂತರ ಇರುವುದನ್ನು ಎಷ್ಟೋ ಕಡೆ ಕಂಡೆ. ಸುವಾಸನೆ ಇದ್ದವನ್ನು ಬದಿಗಿಟ್ಟೆ. ಸ್ಪಿರಿಟ್ಟಿನಂತೆ ಆರುವ ಆಲ್ಕೋಹಾಲ್ ಇದ್ದವನ್ನೂ ಬದಿಗಿಟ್ಟೆ. ಉಳಿದವುಗಳಲ್ಲಿ ನನಗೆ ಬೇಕಾದದ್ದು ಮೂರು ಗುಣ. ನೀರನ್ನು ಹಿಡಿಯುವ ಒಂದು, ಇಟ್ಟಂಗಿಗಳ ನಡುವೆ ಗಾರೆಯಾಗುವ ಒಂದು, ಮೇಲೆ ಮುಚ್ಚುವ ಒಂದು.

ನೀರು ಹಿಡಿಯಲು ಯೂರಿಯಾ ಇರುವ ಕ್ರೀಮು ಒಳ್ಳೆಯದೆಂದು ಓದಿದ್ದೆ. ಅವರ ಮೊಣಕೈಯ ಒಳಬದಿಗೆ ಹಚ್ಚಿದಾಗ ಏನೂ ಆಗಲಿಲ್ಲ. ದವಡೆಯ ಹತ್ತಿರ ಒಂದು ಚುಕ್ಕೆ ಇಟ್ಟ ಕೂಡಲೇ, "ಮೆಣಸಿನಕಾಯಿ, ಮೆಣಸಿನಕಾಯಿ," ಎಂದು ಕೈಬೀಸಿಕೊಂಡರು. ಒಡೆದ ಚರ್ಮಕ್ಕೆ ಅದು ಉರಿ. ತೊಳೆದು ಬಿಟ್ಟೆವು. ಕೊನೆಗೆ ಉಳಿದದ್ದು ಎಲ್ಲಕ್ಕಿಂತ ಹಳೆಯದು, ಗ್ಲಿಸರಿನ್.

"ಅದು ಅಳಾಕ ಅಲ್ಲೇನು? ಕಣ್ಣಾಗ ಹಾಕ್ಕೊಂಡ್ರ ನೀರು ಬರ್ತೈತಿ," ಎಂದರು ನಾಯಕಿ.

"ಇದನ್ನ ಮಖಕ್ಕ ಹಚ್ಚಿದ್ರ ನೀರು ನಿಲ್ತೈತ್ರಿ."

ಬರೀ ಗ್ಲಿಸರಿನ್ ಅಂಟಂಟು, ಮತ್ತೆ ಒಣಗಾಳಿಯಲ್ಲಿ ಸೀರಮ್ಮಿನದೇ ಕಥೆ. ಅದಕ್ಕೆ ಗ್ಲಿಸರಿನ್ ಮತ್ತು ಸೆರಮೈಡ್ ಎರಡೂ ಇರುವ ಒಂದು ಸಾದಾ ಲೋಷನ್ ಆರಿಸಿದೆ. ಸೆರಮೈಡ್ ಎಂದರೆ ಚರ್ಮದ ಆ ಗಾರೆಯಲ್ಲೇ ಇರುವ ಒಂದು ಬಗೆಯ ಕೊಬ್ಬು. ಮಲಗುವ ಮುಂಚೆ ಅದರ ಮೇಲೆ ಪೆಟ್ರೋಲಿಯಂ ಜೆಲ್ಲಿಯನ್ನು ಬೆರಳ ತುದಿಗೆ ತಾಗಿಸಿಕೊಂಡು ಗಲ್ಲಕ್ಕೆ ಮಾತ್ರ, ಹಣೆ ಮೂಗಿಗೆ ಬೇಡ. ನನಗೆ ಅನುಮಾನ ಉಳಿಯಬಾರದೆಂದು ಬಲಗಲ್ಲಕ್ಕೆ ಲೋಷನ್ ಮತ್ತು ಜೆಲ್ಲಿ, ಎಡಗಲ್ಲಕ್ಕೆ ಜೆಲ್ಲಿ ಮಾತ್ರ ಹಚ್ಚಿಸಿ ಕೆಲವು ದಿನ ನೋಡಿದೆ. ಎಡಗಲ್ಲ ಮೆತ್ತಗಾಯಿತು, ಆದರೆ ಒತ್ತಿದರೆ ಗೆರೆ ಏಳುತ್ತಲೇ ಇತ್ತು. ಬಲಗಲ್ಲದಲ್ಲಿ ಗೆರೆಗಳು ದಿನದಿನಕ್ಕೆ ಕಡಿಮೆಯಾದವು. ಆಮೇಲೆ ಎರಡೂ ಕಡೆ ಒಂದೇ ಮಾಡಿದೆವು.

ಪ್ರತಿ ದಿನ ದೀಪದ ಕೆಳಗೆ ನೋಡುವಾಗ ಅವರು ಸಂಜೆಯ ಆಟದ ಸುದ್ದಿ ಹೇಳುತ್ತಿದ್ದರು. ಮೊದಮೊದಲು ಹುಡುಗಿ ಮಾತು ತಪ್ಪುತ್ತಿದ್ದಳು. ಆಮೇಲೆ ತಪ್ಪುವುದು ನಿಂತಿತು. ಒಂದು ದಿನ ಹೇಳಿದರು, "ನಿನ್ನಿ ಜಗಳದ ಸೀನಿನ್ಯಾಗ ಆಕೀಗೆ ಚಪ್ಪಾಳಿ ಬಿತ್ತು. ನಾ ಎತ್ತಿಕೊಟ್ಟ ಮಾತಿಗಲ್ಲ, ಆಕೀನ ಸ್ವಂತ ಹಚ್ಚಿದ ಮಾತಿಗೆ." ಗಲ್ಲದ ಮೇಲಿದ್ದ ನನ್ನ ಬೆರಳಿಗೆ ಅವರ ದವಡೆ ಬಿಗಿದದ್ದು ತಿಳಿಯಿತು. ಚರ್ಮ ಮಾಯುತ್ತಿತ್ತು, ಅದಕ್ಕೆ ತೆತ್ತದ್ದು ಏನು ಎಂಬುದೂ ಕಾಣುತ್ತಿತ್ತು.

ಹೊಟ್ಟು ನಿಂತು, ಕೆಂಪು ಇಳಿದ ಮೇಲೆ ಡಾಕ್ಟರಿಗೆ ಫೋಟೊ ಕಳಿಸಿದೆವು. ಬಣ್ಣ ಹಚ್ಚಬಹುದು, ದಿನಕ್ಕೆ ಒಮ್ಮೆ ಮಾತ್ರ ಎಂದು ಉತ್ತರ ಬಂತು.

ಉಳಿದದ್ದು ಜಾರುವ ಸಮಸ್ಯೆ. ಬಣ್ಣದ ಕೆಳಗೆ ಮುಚ್ಚಳ ಬೇಕು, ಆದರೆ ಜಿಡ್ಡು ಇರಬಾರದು. ಪೆಟ್ರೋಲಿಯಂ ಜೆಲ್ಲಿಯ ಬದಲು ಡೈಮೆಥಿಕೋನ್ ಎಂಬ ಸಿಲಿಕೋನ್ ಇರುವ ತೆಳು ಕ್ರೀಮು ಹಿಡಿದೆ. ಹಚ್ಚಿದರೆ ರೇಷ್ಮೆಯಂತೆ ನುಣ್ಣಗಾಗುತ್ತದೆ, ಅಂಟುವುದಿಲ್ಲ. ಈ ಸಲ ಮಂದಿಯ ಮುಂದೆ ಪರೀಕ್ಷೆ ಮಾಡಲಿಲ್ಲ. ಆಟವಿಲ್ಲದ ಬೆಳಗಿನ ಹೊತ್ತಿನಲ್ಲಿ ಮಾಲೀಕರಿಂದ ರಂಗದ ದೀಪಗಳನ್ನು ಹಚ್ಚಿಸಿಕೊಂಡೆವು. ಹಸಿಮುಖಕ್ಕೆ ಲೋಷನ್, ಚರ್ಮ ಅದನ್ನು ಹೀರಲು ಒಂದಷ್ಟು ಹೊತ್ತು, ಆಮೇಲೆ ಸಿಲಿಕೋನಿನ ತೆಳು ಪದರ, ಹಣೆ ಮೂಗಿನ ಮೇಲೆ ಕಾಗದ ಒತ್ತಿ ಎಣ್ಣೆ ತೆಗೆದು, ಕೊನೆಗೆ ಬಣ್ಣ. ನಾಯಕಿ ದೀಪದ ಕೆಳಗೆ ನಿಂತು ಹೊಸ ನಾಟಕದ ಇಡೀ ಮೊದಲ ಅಂಕ ಮಾಡಿ ತೋರಿಸಿದರು. ಕೇಳುವವರು ನಾನು, ಮಾಲೀಕರು, ಗದಗಿನ ಹುಡುಗಿ, ಮೂರೇ ಜನ. ಬೆವರು ಬಂತು. ಬಣ್ಣ ಜಾರಲಿಲ್ಲ. ಬಾಯಿಯ ಬದಿಯಲ್ಲಿ ಒಂದು ಸಣ್ಣ ಸೀಳು ಕಂಡಿತು. ಅಲ್ಲಿ ಪೌಡರು ಕಡಿಮೆ ಮಾಡಿದೆವು.

ಮಾಲೀಕರು ರಂಗದ ಅಂಚಿಗೆ ಬಂದು ಕತ್ತೆತ್ತಿ ಅವರ ಮುಖ ನೋಡಿದರು. "ಬಾಯಾರ, ಹೊಸ ನಾಟಕ ನಿಮ್ಮದ. ಹಳೇದೂ ಆಯಿತಾರದಿಂದ ನೀವ ಮಾಡ್ರಿ. ಹುಡುಗಿ ಕಲತಾಳ, ಬ್ಯಾರೆ ಪಾರ್ಟು ಕೊಡೂಣು."

ಹುಡುಗಿ ಕೈಯಲ್ಲಿದ್ದ ಮಾತಿನ ಪುಸ್ತಕ ಮಡಚಿದಳು.

ನಾಯಕಿ ದೀಪದ ಬೆಳಕಿನಿಂದ ಈಚೆ ಬಂದರು. "ಬ್ಯಾಡ್ರಿ ಮಾಲಕರ. ಆಯಿತಾರಕ್ಕ ಎರಡಾಟ, ಎರಡು ಸಲ ತೊಳ್ಯಾಣ. ಇನ್ನ ನನ್ನ ಮಖ ಅದಕ್ಕ ತಾಳೂದಿಲ್ಲ. ಹೊಸಾದು ನಂದು, ಸಂಜೀಕ. ಹಳೇದು ಮಧ್ಯಾಹ್ನ ಆಕಿ ಮಾಡ್ಲಿ."

"ಹತ್ತಾರು ವರ್ಷ ಮಾಡಿದ ಪಾರ್ಟು ಬಾಯಾರ. ನಿಮ್ಮ ಹೆಸರು ನೋಡಿ ಮಂದಿ ಬರ್ತಾರ."

"ಚಪ್ಪಾಳಿ ಕೇಳಿಲ್ಲೇನ್ರಿ ನೀವು? ನಾ ಪಕ್ಕದಾಗ ನಿಂತು ಕೇಳೇನಿ."

ಮಾಲೀಕರು ಆಗಲಿ ಎಂದು ರಂಗದ ದೀಪ ಆರಿಸಿದರು. ನಾಯಕಿ ಮೇಕಪ್ಪಿನ ಕೋಣೆಗೆ ಹೋದರು, ನಾನೂ ಹಿಂದೆ ಹೋದೆ. ಕನ್ನಡಿಯ ಮುಂದೆ ಎಣ್ಣೆ ಸುರಿದುಕೊಂಡು ಬಣ್ಣ ಕಲಸುವಾಗ ಅವರ ಕೈ ಮಾಮೂಲಿಗಿಂತ ನಿಧಾನವಾಗಿತ್ತು. ಆ ಹೊತ್ತಿನಲ್ಲಿ ಅವರು ಅತ್ತರೋ ಇಲ್ಲವೋ ನನಗೆ ಹೇಳಲು ಬರುವುದಿಲ್ಲ, ಮುಖದ ತುಂಬ ಎಣ್ಣೆ ಇತ್ತು.

ಹೊಸ ನಾಟಕ ಚೆನ್ನಾಗಿ ನಡೆಯಿತು. ಈದ್ ಮುಗಿದ ಮೇಲೆ ನಮ್ಮ ಮನೆಯವರೆಲ್ಲ ಹೋಗಿ ನೋಡಿ ಬಂದೆವು. ಮುಖದ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಅಮ್ಮಿ ದಾರಿಯುದ್ದಕ್ಕೂ ಕಥೆಯ ಬಗ್ಗೆ, ಆ ಹೆಂಗಸಿಗೆ ಕೊನೆಯಲ್ಲಿ ನ್ಯಾಯ ಸಿಕ್ಕದ್ದರ ಬಗ್ಗೆ ಮಾತಾಡಿದಳು. ನನಗೆ ಬೇಕಾಗಿದ್ದದ್ದೂ ಅಷ್ಟೇ.

ಬೇಸಿಗೆ ಬಲಿಯುವ ಮೊದಲು ಕಂಪನಿ ತಗಡು ಬಿಚ್ಚಿತು. ಮುಂದಿನ ಕ್ಯಾಂಪು ಬಾದಾಮಿಯಲ್ಲಿ. ಲಾರಿಗಳು ತುಂಬುತ್ತಿದ್ದ ದಿನ ನಾಯಕಿ ಪಾರ್ಲರಿಗೆ ಬಂದು ಕುರ್ಚಿಯಲ್ಲಿ ಕೂತರು. ನಾನು ಅಭ್ಯಾಸಬಲದಿಂದ ದೀಪ ಎಳೆಯಲು ಹೋದೆ. ಅವರು ನನ್ನ ಕೈ ಹಿಡಿದು ತಡೆದರು.

"ಇವತ್ತ ಏನೂ ಮಾಡಬ್ಯಾಡ ತಂಗಿ. ಸುಮ್ನ ಕುಂದ್ರಾಕ ಬಂದೇನಿ."

ನಾನು ಪಕ್ಕದ ಸ್ಟೂಲಿನ ಮೇಲೆ ಕೂತೆ. ಹೊರಗೆ ಮಗ್ಗಗಳ ಸದ್ದು ಕೇಳುತ್ತಿತ್ತು. ಅವರು ಹಿಡಿದ ನನ್ನ ಕೈಯನ್ನು ಬಿಡದೆ ತಮ್ಮ ಗಲ್ಲದ ಮೇಲೆ ಇಟ್ಟುಕೊಂಡರು. ಬೆಚ್ಚಗೆ, ಮೆತ್ತಗೆ ಇತ್ತು. ಹೊಳಪಿರಲಿಲ್ಲ. ವಯಸ್ಸಿನ ಗೆರೆಗಳು ಇರಬೇಕಾದ ಜಾಗದಲ್ಲೇ ಇದ್ದವು. ಬಸ್ಸಿನಲ್ಲಿ ಪಕ್ಕ ಕೂತರೆ ಯಾರೂ ಎರಡನೇ ಸಲ ತಿರುಗಿ ನೋಡದಂಥ ಸಾದಾ ಗಲ್ಲ. ಲಾರಿಯವನು ಬೀದಿಯಿಂದ ಹಾರ್ನ್ ಹೊಡೆಯುವವರೆಗೂ ನಾವು ಹಾಗೇ ಕೂತಿದ್ದೆವು.